ಎತ್ತರದಲ್ಲಿ ವಾಯುಭಾರ ಕಡಿಮೆ ಅನ್ನೋದಕ್ಕೇ ಮಡಿಕೇರಿಯಲ್ಲಿ ಅಷ್ಟೊಂದು ಮಳೆಯಾ?

ಪ್ರಶ್ನೆ: ಮಗಳ ಪಾಠದಲ್ಲಿ "ವಾಯುಭಾರ ಕುಸಿದರೆ ಮಳೆ" ಅಂತಿದೆ. ಬೆಟ್ಟದ ಮೇಲೆ ವಾಯುಭಾರ ಕಡಿಮೆ ಅಂತಲೂ ಇದೆ. ಮಡಿಕೇರಿಯ ಮಳೆಗೆ ಇದೇ ಕಾರಣವಾ?

ಉತ್ತರ: ಇಲ್ಲ. ಇವೆರಡೂ ಬೇರೆ ಬೇರೆ.

ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಸಮುದ್ರದ ಮಟ್ಟದಲ್ಲಿ ವಾಯುಭಾರ 1013 ಮಿಲಿಬಾರ್ ಇದ್ದರೆ ಇಲ್ಲಿ 880-890ರ ಹತ್ತಿರ. ಮಂಗಳೂರಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಘಾಟಿ ಹತ್ತುತ್ತಾ ಉಬ್ಬುವುದು ಇದಕ್ಕೇ. ಆದರೆ ಜನವರಿಯಲ್ಲೂ ವಾಯುಭಾರ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಆಗ ನಾವು ಕಣದಲ್ಲಿ ಕಾಫಿ ಒಣಗಿಸುತ್ತಿರುತ್ತೇವೆ, ಮಳೆ ಎಲ್ಲಿ? ಸುದ್ದಿಯಲ್ಲಿ ಹೇಳುವ "ವಾಯುಭಾರ ಕುಸಿತ" ಅಂದರೆ ಅದೇ ಎತ್ತರದ ಸುತ್ತಲಿನ ಜಾಗಗಳಿಗಿಂತ ಕಡಿಮೆ ಎಂದರ್ಥ.

ಹಾಗಂತ ಎತ್ತರಕ್ಕೆ ಪಾತ್ರವೇ ಇಲ್ಲ ಅಂತಲ್ಲ. ಜೂನ್‌ನಿಂದ ಅರಬ್ಬಿ ಸಮುದ್ರದ ಹಸಿಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಅದಕ್ಕೆ ಗಾಳಿ ಹಿಗ್ಗುತ್ತದೆ. ಹಿಗ್ಗಿದರೆ ತಣ್ಣಗಾಗುತ್ತದೆ. ಅದರಲ್ಲಿದ್ದ ಆವಿ ಹನಿಯಾಗಿ ಭಾಗಮಂಡಲ, ಮಡಿಕೇರಿ ಕಡೆ ಸುರಿಯುತ್ತದೆ. ಆಮೇಲೆ ಪೂರ್ವಕ್ಕೆ ಇಳಿಯುವಾಗ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿಯಾಗುತ್ತದಲ್ವಾ, ಹಾಗೆ. ಅದಕ್ಕೇ ಮೂವತ್ತು ಕಿಲೋಮೀಟರ್ ಆಚೆಯ ಕುಶಾಲನಗರದಲ್ಲಿ ಮಳೆ ತುಂಬಾ ಕಡಿಮೆ.

ಇನ್ನೊಂದು, ಪಾಠದ ಜಲಚಕ್ರದ ಚಿತ್ರದಲ್ಲಿ ನೀರು ಹೊರಟ ಸಮುದ್ರಕ್ಕೇ ವಾಪಸ್ ಹೋಗುತ್ತದೆ. ನಮ್ಮಲ್ಲಿ ಅರಬ್ಬಿ ಸಮುದ್ರದ ನೀರು ಮಳೆಯಾಗಿ ಬಿದ್ದು, ಕಾವೇರಿ ಸೇರಿ ಬಂಗಾಳ ಕೊಲ್ಲಿಯ ಕಡೆ ಹೊರಡುತ್ತದೆ. ಮಗಳಿಗೆ ಈ ಚಿತ್ರ ಬರೆಯಲು ಹೇಳಿ.