ಅರವತ್ತರ ದಶಕದ ಹಳ್ಳಿಗಳಲ್ಲಿ ಜ್ವರಕ್ಕೂ ಹಲ್ಲುನೋವಿಗೂ ಏನು ಮಾಡುತ್ತಿದ್ದರು?

ಆಗ ಹಳ್ಳಿಯವರು ಚಿಕಿತ್ಸೆಗೆ ಯಾರ ಬಳಿ ಹೋಗುತ್ತಿದ್ದರು ಎಂದು ಕೇಳಿದ್ದೀರಿ. ನಾನು ಬೆಳೆದದ್ದು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ. ಅಲ್ಲಿ ಡಿಸ್ಪೆನ್ಸರಿಯೇನೋ ಇತ್ತು, ಆದರೆ ಡಾಕ್ಟರ ಹುದ್ದೆ ಬಹುಪಾಲು ಖಾಲಿಯೇ ಇರುತ್ತಿದ್ದುದರಿಂದ ಊರಿನ ಪಾಲಿಗೆ ಕಾಂಪೌಂಡರೇ ಡಾಕ್ಟರು.

ಔಷಧಕ್ಕೆ ಹೋಗುವವರು ಮನೆಯಿಂದಲೇ ಖಾಲಿ ಶೀಶೆ ಒಯ್ಯಬೇಕಿತ್ತು. ಕಾಂಪೌಂಡರು ಅದಕ್ಕೆ ಕೆಂಪು ಮಿಕ್ಸ್ಚರ್ ಸುರಿದು, ಅಂಚಿನಲ್ಲಿ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಶೀಶೆಯ ಮೈಗೆ ಅಂಟಿಸಿ ಕೊಡುತ್ತಿದ್ದರು. ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧ ಎಂಬ ಲೆಕ್ಕವಾದ್ದರಿಂದ ಅಕ್ಷರ ಬಾರದ ಅಜ್ಜಿಯೂ ಪ್ರಮಾಣ ತಪ್ಪುತ್ತಿರಲಿಲ್ಲ. ಗಾಜಿನ ಸಿರಿಂಜನ್ನು ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದರು, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದರು. ಸಂತೆಯ ದಿನದ ನೂಕುನುಗ್ಗಲಿನಲ್ಲಿ ಕುದಿಸುವಷ್ಟು ವ್ಯವಧಾನ ಇರುತ್ತಿತ್ತೇ ಎಂಬುದು ಬೇರೆ ಮಾತು. ಸಿಡುಬಿನ ದಾಕು ಹಾಕುವವರು ಬಂದರೆಂದರೆ ಮಕ್ಕಳೆಲ್ಲ ಅಟ್ಟ ಸೇರುತ್ತಿದ್ದೆವು.

ಹಲ್ಲಿನ ವಿಷಯ ಇನ್ನೂ ಕಷ್ಟ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆರಂಭವಾದದ್ದೇ 1958ರಲ್ಲಿ; ಹೀಗಿರುವಾಗ ನಮ್ಮಂಥ ಹೋಬಳಿಗೆ ದಂತವೈದ್ಯರು ಎಲ್ಲಿಂದ ಬರಬೇಕು? ಬೆಳಗ್ಗೆ ಬೇವಿನ ಕಡ್ಡಿ, ಇಲ್ಲವೇ ಇದ್ದಿಲು ಮತ್ತು ಉಪ್ಪು. ಅನುಕೂಲಸ್ಥರ ಮನೆಯಲ್ಲಿ ನಂಜನಗೂಡು ಹಲ್ಲುಪುಡಿ. ಹಲ್ಲು ಹುಳುಕಾದರೆ ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಇಡುತ್ತಿದ್ದರು. ಲವಂಗದಲ್ಲಿರುವ ಯುಜಿನಾಲ್ ನೋವನ್ನು ಮರಗಟ್ಟಿಸುವುದು ನಿಜ, ಆದರೆ ಹುಳುಕು ಒಳಗೊಳಗೇ ಬೆಳೆಯುತ್ತಿತ್ತು.

ಅದಕ್ಕೂ ಬಗ್ಗದಿದ್ದರೆ ‘ಹುಳ ತೆಗೆಸುವುದು’. ಕೆಂಡದ ಮೇಲೆ ಗುಳ್ಳದ ಬೀಜ ಉದುರಿಸಿ, ಏಳುವ ಹೊಗೆಯನ್ನು ಕೊಳವೆಯಿಂದ ಬಾಯಿಗೆ ಹಿಡಿದು, ಕೆಳಗಿಟ್ಟ ನೀರಿನ ಬೋಗುಣಿಯಲ್ಲಿ ಬಿದ್ದ ಬಿಳಿ ಚೂರುಗಳನ್ನು ತೋರಿಸಿ ‘ನೋಡಿ, ಹುಳ’ ಎನ್ನುತ್ತಿದ್ದರು. ಅವು ಕಾವಿಗೆ ಸಿಡಿದ ಬೀಜದ ಚೂರುಗಳೇ ಹೊರತು ಹುಳಗಳಲ್ಲ. ಹಲ್ಲಿನಲ್ಲಿ ಅಂಥ ಹುಳ ಇರುವುದೂ ಇಲ್ಲ.

ಕೊನೆಯ ದಾರಿ ಕೀಳಿಸುವುದು. ರೋಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಗಟ್ಟಿಮುಟ್ಟಾದ ಆಳೊಬ್ಬನಿಂದ ತಲೆ ಹಿಡಿಸಿ, ಕಾಂಪೌಂಡರು ಇಕ್ಕಳ ಹಾಕುತ್ತಿದ್ದರು. ಆಮೇಲೆ ಉಪ್ಪುನೀರು ಮುಕ್ಕಳಿಸಿ ನಡೆದೇ ಮನೆಗೆ ಹೋಗಬೇಕು. ಹಿಂದಿನವರ ಹಲ್ಲು ಗಟ್ಟಿಯಾಗಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆಗ ಮನೆಮನೆಯಲ್ಲೂ ಅಡಕೆ ಕುಟ್ಟಾಣಿ ಇರುತ್ತಿದ್ದುದು ಶೋಕಿಗಲ್ಲ. ಪಟ್ಟಣಕ್ಕೆ ಹೋಗಿ ಕಟ್ಟುಹಲ್ಲು ಹಾಕಿಸಿಕೊಂಡು ಬಂದವರು ನಮ್ಮೂರಿನಲ್ಲಿ ಶ್ಯಾನುಭೋಗರೊಬ್ಬರೇ. ಅವರೂ ಅದನ್ನು ಮದುವೆ ಮುಂಜಿಗಳಿಗೆ ಮಾತ್ರ ಧರಿಸಿ, ಊಟಕ್ಕೆ ಕುಳಿತಾಗ ತೆಗೆದು ಪಕ್ಕಕ್ಕಿಡುತ್ತಿದ್ದರು.