ಮಳೆಗಾಲದಲ್ಲಿ ಕರ್ನಲ್ ಕೆಲಸ

ಪ್ರಶ್ನೆ: ಸಿ ಭಾಷೆ ಚೆನ್ನಾಗಿ ಬರುತ್ತದೆ. ಊರು ಬಿಡದೆ ಲಿನಕ್ಸ್ ಕರ್ನಲ್‌ಗೆ ಕೋಡ್ ಕೊಡಬಹುದೇ? ಮಳೆ ಹಿಡಿದರೆ ನಮ್ಮಲ್ಲಿ ಕರೆಂಟು, ನೆಟ್ ಎರಡನ್ನೂ ನೆಚ್ಚುವಂತಿಲ್ಲ.
– ಓದುಗರು, ಸೋಮವಾರಪೇಟೆ

ಉತ್ತರ: ಖಂಡಿತ ಕೊಡಬಹುದು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಈ ಯೋಜನೆಗೆ, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ, ಇಂದಿಗೂ ಪ್ಯಾಚ್ (ಕೋಡಿನ ತಿದ್ದುಪಡಿ) ಹೋಗುವುದು ಇಮೇಲ್‌ನಲ್ಲೇ. ನೆಟ್ ಇಲ್ಲದಾಗ ಕೋಡ್ ಬರೆದಿಟ್ಟು, ಸಿಗ್ನಲ್ ಬಂದಾಗ ಕಳಿಸಿದರಾಯಿತು. ತೊಡಕಿರುವುದು ಮೊದಲ ಡೌನ್‌ಲೋಡಿನಲ್ಲಿ. ಕರ್ನಲ್ ಕೋಡನ್ನು ಇತಿಹಾಸ ಸಮೇತ ಇಳಿಸುವ ‘ಗಿಟ್ ಕ್ಲೋನ್’ ಆದೇಶ ನಡುವೆ ಕಡಿದುಹೋದರೆ ಮತ್ತೆ ಮೊದಲಿಂದ ಶುರುವಾಗುತ್ತದೆ. ‘ಡೆಪ್ತ್ 1’ ಆಯ್ಕೆ ಕೊಡಿ. ಹಳೆಯ ಇತಿಹಾಸ ಬಿಟ್ಟು ಈಗಿನ ಕೋಡ್ ಮಾತ್ರ ಇಳಿಯುತ್ತದೆ.

ಡ್ರೈವರ್ಸ್ ಫೋಲ್ಡರಿನ ಸ್ಟೇಜಿಂಗ್‌ನಲ್ಲಿ (ಇನ್ನೂ ಪಕ್ವವಾಗದ ಡ್ರೈವರ್‌ಗಳಿರುವ ಜಾಗ) ಒಂದು ಚಿಕ್ಕ ತಿದ್ದುಪಡಿ ಆರಿಸಿಕೊಳ್ಳಿ. ಕಂಪೈಲ್ ಮಾಡಿ, ಕೋಡ್ ಶೈಲಿಯ ತಪ್ಪು ಹುಡುಕುವ ‘ಚೆಕ್‌ಪ್ಯಾಚ್’ ಸ್ಕ್ರಿಪ್ಟ್ ಓಡಿಸಿ. ಯಾರಿಗೆ ಕಳಿಸಬೇಕೆಂದು, ಅಂದರೆ ಆ ಭಾಗದ ಹೊಣೆ ಹೊತ್ತ ಮೇಂಟೇನರ್ ಯಾರೆಂದು, ‘ಗೆಟ್ ಮೇಂಟೇನರ್’ ಸ್ಕ್ರಿಪ್ಟ್ ಹೇಳುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ: ಬ್ರೌಸರಿನ ಜಿಮೇಲ್‌ನಲ್ಲಿ ಪ್ಯಾಚ್ ಅಂಟಿಸಿದರೆ ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿ, ಆ ಪ್ಯಾಚ್ ಕೂರುವುದೇ ಇಲ್ಲ. ‘ಗಿಟ್ ಸೆಂಡ್-ಇಮೇಲ್’ ಬಳಸಿ. ಅದಕ್ಕೆ ಜಿಮೇಲ್‌ನ ಆ್ಯಪ್ ಪಾಸ್‌ವರ್ಡ್ (ಇಂಥ ಪ್ರೋಗ್ರಾಂಗಳಿಗೆಂದೇ ಪಡೆಯುವ ಬೇರೆ ಪಾಸ್‌ವರ್ಡ್) ಬೇಕು. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ಹೆಸರು ಹಾಕುವ ‘ಸೈನ್ಡ್-ಆಫ್-ಬೈ’ ಸಾಲಿಲ್ಲದ ಪ್ಯಾಚ್ ಸ್ವೀಕಾರವಾಗದು. ಸಂದೇಶದಲ್ಲಿ ಏನು ಬದಲಿಸಿದಿರಿ ಎನ್ನುವುದಕ್ಕಿಂತ ಏಕೆ ಬದಲಿಸಿದಿರಿ ಎಂಬುದನ್ನು ಬಿಡಿಸಿ ಬರೆಯಿರಿ.

ಉತ್ತರ ಬರದಿದ್ದರೆ ಒಂದು ವಾರವಾದರೂ ಕಾಯಿರಿ, ಆಮೇಲೆ ಮತ್ತೆ ಕಳಿಸಿ. ಆ ವಾರದಲ್ಲಿ ಬೇರೆಯವರ ಪ್ಯಾಚ್‌ಗಳನ್ನು ಓದಿ, ಪರೀಕ್ಷಿಸಿ. ಮುಂದೆ ಮೇಂಟೇನರ್ ಆಗಬೇಕೆಂದಿದ್ದರೆ ಈ ಅಭ್ಯಾಸ ಈಗಲೇ ಬೇಕು.