ಪುಸ್ತಕ ತೆರೆದರೆ ಬಾಯಿ ಒಣಗುತ್ತಿತ್ತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರೂ ಅವರ ಹೆಂಡತಿಯೂ ಒಪ್ಪಿದ್ದಾರೆ.)

ಸಲಹೆಗೆಂದು ಬಂದು ನನ್ನೆದುರು ಕೂತವರು ಮೊದಲು ತೆಗೆದದ್ದು ಕುಡಿತದ ಮಾತಲ್ಲ. "ಮೇಡಂ, ನನಗೆ ಓದೋಕೇ ಆಗ್ತಿಲ್ಲ" ಎಂದರು. ವಯಸ್ಸು ನಲವತ್ತೇಳು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು, ಅದೂ ಆಸ್ಪತ್ರೆಗೆ ಸೇರಿ, ವೈದ್ಯರ ನಿಗಾದಲ್ಲಿ. ದಿನವೂ ವಿಪರೀತ ಕುಡಿಯುತ್ತಿದ್ದವರು ಯಾರನ್ನೂ ಕೇಳದೆ ಒಮ್ಮೆಗೇ ನಿಲ್ಲಿಸಿಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಕುತ್ತಾಗಬಹುದು. ಇದನ್ನು ಎಷ್ಟು ಸಲ ಬರೆದರೂ ಸಾಲದು ಅಂತಲೇ ನನಗನಿಸುತ್ತದೆ. ಇವರು ಸರಿಯಾದ ದಾರಿಯಲ್ಲೇ ಬಿಟ್ಟಿದ್ದರು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟಿದ್ದರು. ಅವರೊಬ್ಬರಿಗೆ ಮಾತ್ರ ಏನನ್ನೋ ಕಳೆದುಕೊಂಡ ಹಾಗಿತ್ತು.

ಚಿಕ್ಕಂದಿನಿಂದಲೂ ಓದುವ ಹುಚ್ಚು. ಊಟಕ್ಕೆ ಕರೆದರೂ ಕಿವಿಗೆ ಬೀಳದಷ್ಟು. ಕೆಲಸಕ್ಕೆ ಸೇರಿದ ಮೇಲೆ ಓದಿಗೆ ಉಳಿದದ್ದು ರಾತ್ರಿ ಮಾತ್ರ. ಆ ರಾತ್ರಿಗೆ ಗ್ಲಾಸು ಯಾವಾಗ ಜೊತೆಯಾಯಿತು ಎಂಬುದು ಅವರಿಗೇ ನೆನಪಿಲ್ಲ. ಹೆಚ್ಚುಕಡಿಮೆ ಇಪ್ಪತ್ತು ವರ್ಷ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಗೆ ಸಿಗುವ ಹಾಗೆ ಗ್ಲಾಸು. ಬ್ಯಾಗಿನಿಂದ ಒಂದು ಹಳೆಯ ಕಾದಂಬರಿ ತೆಗೆದು ಮೇಜಿನ ಮೇಲಿಟ್ಟರು. ಅದರ ರಟ್ಟಿನ ಮೇಲೆ ಗ್ಲಾಸಿನ ತಳದ ಗುರುತು, ಒಂದರ ಮೇಲೊಂದು ಮೂರ್ನಾಲ್ಕು ಉಂಗುರ. ಮಾತನಾಡುತ್ತಲೇ ಆ ಉಂಗುರಗಳ ಮೇಲೆ ಬೆರಳಾಡಿಸುತ್ತಿದ್ದರು.

"ಪುಟ ತಿರುವಿದ ತಕ್ಷಣ ಬಲಗೈ ತಾನಾಗೇ ಸ್ಟೂಲಿನ ಕಡೆ ಹೋಗುತ್ತೆ. ಅಲ್ಲಿ ಏನೂ ಇರಲ್ಲ. ಬಾಯಿ ಒಣಗುತ್ತೆ. ಆಮೇಲೆ ಅಕ್ಷರ ಕಾಣುತ್ತೆ, ಅರ್ಥ ತಲೆಗೆ ಹೋಗಲ್ಲ."

ಇದರಲ್ಲಿ ವಿಚಿತ್ರವೇನಿಲ್ಲ. ಎರಡು ಸಂಗತಿಗಳು ವರ್ಷಗಟ್ಟಲೆ ಜೊತೆಜೊತೆಗೇ ನಡೆದರೆ ಒಂದು ಇನ್ನೊಂದನ್ನು ಕರೆಯತೊಡಗುತ್ತದೆ. ಬಾರಿನ ಬೋರ್ಡು ಕಂಡರೆ ಕೆಲವರಿಗೆ ಬಾಯಿ ಒಣಗುತ್ತದೆ, ಇವರಿಗೆ ಪುಸ್ತಕ ತೆರೆದರೆ. ಜೊತೆಗೆ ಇನ್ನೊಂದು ಕಾರಣವೂ ಇತ್ತು. ಮದ್ಯಕ್ಕೆ ಒಗ್ಗಿಹೋದ ಮೆದುಳಿಗೆ ಸಣ್ಣಪುಟ್ಟ ಸಂತೋಷಗಳು ಸಪ್ಪೆಯಾಗುತ್ತವೆ. ಬಿಟ್ಟ ಮೇಲೂ ಆ ಸಪ್ಪೆತನ ಕೆಲವು ತಿಂಗಳು ಉಳಿಯಬಹುದು. ನಿದ್ದೆ, ಏಕಾಗ್ರತೆ, ನೆನಪು ದಾರಿಗೆ ಬರುವುದೂ ನಿಧಾನವೇ. ಅವರು ಮಾತ್ರ ತಮ್ಮೊಳಗಿನ ಓದುಗ ಸತ್ತೇಹೋದ ಅಂದುಕೊಂಡಿದ್ದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಇಷ್ಟು ಓದಿದವರಿಗೆ ಪುಸ್ತಕದಿಂದಲೇ ದಾರಿ ತೋರಿಸೋಣವೆಂದು, ಒಬ್ಬ ಕುಡುಕನ ಬದುಕಿನ ಕಾದಂಬರಿಯನ್ನು ಓದಲು ಹೇಳಿದೆ. ತಮ್ಮ ಕಥೆಯನ್ನು ಬೇರೊಬ್ಬನಲ್ಲಿ ಕಂಡು ಹಗುರಾಗುತ್ತಾರೆ ಎಂಬ ಲೆಕ್ಕ ನನ್ನದು. ಒಂಬತ್ತು ದಿನ ಬಿಟ್ಟು ಬಂದರು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

"ಕುಡಿಯೋದನ್ನ ಎಷ್ಟು ಚೆನ್ನಾಗಿ ಬರೆದಿದಾನೆ ಮೇಡಂ! ಮೊದಲ ಗುಟುಕು ಎದೆಗಿಳಿಯೋದನ್ನ ಓದಿದೆ. ಪುಸ್ತಕ ಮಡಚಿಟ್ಟು ಬಾರಿನ ಬಾಗಿಲವರೆಗೂ ಹೋಗಿದ್ದೆ." ಒಳಗೆ ಹೋಗದೆ ಹೇಗೋ ವಾಪಸಾಗಿದ್ದರು.

ಆ ದಿನ ನಾನು ಕಲಿತದ್ದನ್ನು ಮರೆಯುವುದಿಲ್ಲ. ಚಟದ ಬಗ್ಗೆ ಬರೆದ ಪುಸ್ತಕಗಳಲ್ಲಿ ಚಟದ ಪುಟಗಳಿಗೇ ಹೆಚ್ಚು ಬಣ್ಣ. ಬಿಡಿಸಿಕೊಂಡು ಬಂದ ಪುಟಗಳು ಕೊನೆಯಲ್ಲಿ ಒಂದಿಷ್ಟು, ಅವೂ ಪೇಲವ. ಒಳ್ಳೆಯ ಲೇಖಕನಾದರೆ ಕುಡಿತದ ವಾಸನೆಯನ್ನೂ ಮೂಗಿಗೆ ಮುಟ್ಟಿಸುತ್ತಾನೆ. ಅದು ಸಾಹಿತ್ಯದ ಶಕ್ತಿ. ಆದರೆ ಬಿಟ್ಟು ಐದೇ ತಿಂಗಳಾದವರಿಗೆ ಅದೇ ಅಪಾಯ. ನೆಮ್ಮದಿಯಾಗಿರುವ ಓದುಗನಿಗೆ ಅದು ಕರುಣೆ ಕಲಿಸಬಹುದು. ಇವರಿಗೆ ಅದು ಕರೆ ಕಳಿಸಿತು.

ಪುಸ್ತಕ ಔಷಧವೇ ಆಗಿದ್ದರೆ ಅದು ಮೊದಲು ಬರೆದವನನ್ನೇ ಗುಣಪಡಿಸಬೇಕಿತ್ತು. ರಷ್ಯಾದ ಲೇಖಕ ದೋಸ್ತೋಯೆವ್ಸ್ಕಿಯ 'ಜೂಜುಕೋರ' ಕಾದಂಬರಿಯನ್ನೇ ನೋಡಿ. 1866ರ ಅಕ್ಟೋಬರಿನಲ್ಲಿ, ಪ್ರಕಾಶಕನಿಗೆ ಕೊಟ್ಟ ಗಡುವು ತಲೆಯ ಮೇಲೆ ತೂಗುತ್ತಿರುವಾಗ, ಶೀಘ್ರಲಿಪಿ ಬಲ್ಲ ಅನ್ನಾ ಎಂಬ ಯುವತಿಗೆ ಹೇಳಿ ಬರೆಸಿ 26 ದಿನಗಳಲ್ಲಿ ಮುಗಿಸಿದ. ಮುಂದಿನ ವರ್ಷ ಅವಳನ್ನೇ ಮದುವೆಯಾದ. ರೂಲೆಟ್ ಎಂಬ ಜೂಜಿನ ಮೇಜು ಮನುಷ್ಯನನ್ನು ಏನು ಮಾಡುತ್ತದೆ ಎಂದು ಅಷ್ಟು ಸ್ಪಷ್ಟವಾಗಿ ಕಂಡವನು ತಾನು ಆ ಮೇಜಿನಿಂದ ಎದ್ದದ್ದು 1871ರಲ್ಲಿ. ನಡುವಿನ ವರ್ಷಗಳ ಬವಣೆಯನ್ನೆಲ್ಲ ಉಂಡವಳು ಅನ್ನಾ. ಇದನ್ನು ಅವರಿಗೆ ಹೇಳಿದಾಗ ತುಂಬ ಹೊತ್ತು ಸುಮ್ಮನಿದ್ದು, "ಹಾಗಾದರೆ ನನಗೆ ಗೊತ್ತಿರೋದೆಲ್ಲ ಗೊತ್ತಿದ್ದೂ ಬಿಡೋಕಾಗಲಿಲ್ಲ ಅನ್ನೋದು ನನ್ನೊಬ್ಬನ ಕಥೆ ಅಲ್ಲ" ಎಂದರು.

ಮುಂದಿನ ವಾರ ಹೆಂಡತಿಯನ್ನೂ ಬರಹೇಳಿದೆ. ಅವರ ದೂರು ಬೇರೆಯೇ ಇತ್ತು. "ಆಗ ಬಾಟಲಿ, ಈಗ ಪುಸ್ತಕ ಓದೋಕಾಗ್ತಿಲ್ಲ ಅನ್ನೋ ಕೊರಗು. ಯಾವಾಗಲೂ ಇವರು ನಮ್ಮ ಜೊತೆ ಇರಲೇ ಇಲ್ಲ. ಓದೋದೂ ಒಂದು ಚಟ ಅಲ್ವಾ ಮೇಡಂ?"

ಈ ಪ್ರಶ್ನೆ ನನ್ನನ್ನು ಅನೇಕರು ಕೇಳಿದ್ದಾರೆ. ನಮ್ಮ ಭಾಷೆಯಲ್ಲಿ ಹವ್ಯಾಸ, ಹುಚ್ಚು, ಗೀಳು, ಚಟ ಎಂದು ಬೇರೆಬೇರೆ ಪದಗಳಿರುವುದು ಸುಮ್ಮನೆ ಅಲ್ಲ. ಚಟವೆಂದರೆ ಹಿಡಿತ ತಪ್ಪಿರಬೇಕು, ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸಲಾಗದಿರಬೇಕು, ದಿನದಿನಕ್ಕೆ ಬದುಕಿನ ಉಳಿದದ್ದನ್ನೆಲ್ಲ ಅದು ತಿನ್ನುತ್ತಿರಬೇಕು. ಜೂಜನ್ನು ಅಮೆರಿಕದ ಮನೋವೈದ್ಯರ ಸಂಘ ತನ್ನ 2013ರ ರೋಗನಿರ್ಣಯದ ಕೈಪಿಡಿಯಲ್ಲಿ ಚಟಗಳ ಸಾಲಿಗೇ ಸೇರಿಸಿತು. ಓದು ಆ ಸಾಲಿನಲ್ಲಿಲ್ಲ. ಹಾಗೆಂದು ಅವರ ಹೆಂಡತಿಯ ಮಾತನ್ನು ನಾನು ತಳ್ಳಿಹಾಕಲಿಲ್ಲ. ಪುಸ್ತಕದ ಹಿಂದೆ ಅಡಗಿ ಕೂರುವವರಿದ್ದಾರೆ. ನಾನು ಕೇಳುವುದು ಇಷ್ಟೇ: ಪುಸ್ತಕ ಮುಚ್ಚಿದ ಮೇಲೆ ಮನೆಯವರ ಮುಖ ನೋಡಬೇಕು ಅನಿಸುತ್ತದೆಯೋ, ಯಾರಾದರೂ ಮಾತನಾಡಿಸಿದರೆ ಸಿಡುಕು ಬರುತ್ತದೆಯೋ? ಅವರು ತಲೆತಗ್ಗಿಸಿದರು. ಗ್ಲಾಸಿನ ಜೊತೆ ಓದಿದ ಅಷ್ಟೂ ವರ್ಷ ಬಂದದ್ದು ಸಿಡುಕೇ.

ಆಮೇಲೆ ನಾನು ಹೇಳಿದ್ದು ಹೀಗೆ. ರಾತ್ರಿಯ ಓದು ಸದ್ಯಕ್ಕೆ ಬೇಡ. ಬೆಳಗಿನ ಬೆಳಕಿನಲ್ಲಿ, ಬೇರೆ ಕುರ್ಚಿಯಲ್ಲಿ ಕೂತು ಓದಿ, ಸ್ಟೂಲನ್ನು ಆ ಕೋಣೆಯಿಂದಲೇ ತೆಗೆಸಿ. ಬಲಗೈಗೆ ಕೆಲಸವಿರಲಿ, ಪೆನ್ಸಿಲ್ ಹಿಡಿದುಕೊಳ್ಳಿ. ಹತ್ತೇ ನಿಮಿಷ, ಇನ್ನೂ ಓದಬೇಕು ಅನ್ನಿಸುವಾಗಲೇ ನಿಲ್ಲಿಸಿ. ಓದಿನ ನಡುವೆ ಕುಡಿಯುವ ಆಸೆ ಎದ್ದರೆ ಅದರೊಡನೆ ಜಗಳಕ್ಕಿಳಿಯಬೇಡಿ. ಪುಸ್ತಕ ಮಡಚಿ ಗಡಿಯಾರ ನೋಡಿ. ಆ ಆಸೆ ಅಲೆಯ ಹಾಗೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ನೀರು ಕುಡಿದು, ನಡೆದಾಡಿ, ಹೆಂಡತಿಗೆ ಬಾಯಿಬಿಟ್ಟು ಹೇಳಿ. ವೈದ್ಯರ ಭೇಟಿ, ಕುಡಿತ ಬಿಟ್ಟವರ ಗುಂಪಿನ ಸಭೆ ಯಾವುದನ್ನೂ ಓದಿಗಾಗಿ ತಪ್ಪಿಸಬೇಡಿ.

ಯಾವ ಪುಸ್ತಕ ಎಂಬುದರ ಬಗ್ಗೆ ಹೆಚ್ಚು ಹೊತ್ತು ಮಾತನಾಡಿದೆವು. ನಶೆಯ ಕಥೆ ಒಂದು ವರ್ಷ ಮುಟ್ಟಬೇಡಿ ಎಂದೆ. ಮತ್ತೆ ಕೇಳಿದೆ: "ಮೊದಲ ಗ್ಲಾಸಿಗಿಂತ ಮುಂಚೆ ನೀವು ಪ್ರೀತಿಯಿಂದ ಓದಿದ್ದು ಏನು?" ಅವರ ಮುಖ ಬದಲಾಯಿತು. ಹನ್ನೆರಡನೇ ವಯಸ್ಸಿನಲ್ಲಿ ಓದಿದ ಸಮುದ್ರಯಾನದ ಕಥೆಗಳು. ನಿಧಿ, ನಕ್ಷೆ, ಹಡಗು ಒಡೆದು ದ್ವೀಪ ಸೇರಿದವರು. "ಅದೆಲ್ಲ ಮಕ್ಕಳ ಪುಸ್ತಕ" ಎಂದು ನಾಚಿಕೊಂಡರು. ಅದನ್ನೇ ತನ್ನಿ ಎಂದೆ. ಆ ಪುಟಗಳ ಮೇಲೆ ಗ್ಲಾಸಿನ ಉಂಗುರವಿರಲಿಲ್ಲ. ಅವರ ಓದಿನ ಸುಖಕ್ಕೆ ಮದ್ಯಕ್ಕಿಂತ ಹಳೆಯ ಬೇರು ಇತ್ತು.

ಕೊನೆಯದಾಗಿ ಹೇಳಿದ್ದು, ದಿನವೂ ಒಂದಿಷ್ಟು ಗಟ್ಟಿಯಾಗಿ ಓದಿ, ಮನೆಯವರಿಗೆ ಕೇಳಿಸುವ ಹಾಗೆ. ಗಟ್ಟಿಯಾಗಿ ಓದುವವನಿಗೆ ಅಡಗಿ ಕೂರಲಾಗುವುದಿಲ್ಲ.

ಎಲ್ಲ ಸರಾಗವಾಗಿ ನಡೆಯಿತು ಅಂತಲ್ಲ. ಮೊದಲ ಮೂರು ವಾರ "ಸಪ್ಪೆ, ಸಪ್ಪೆ" ಎಂದೇ ಹೇಳಿದರು. ಏಳನೇ ತಿಂಗಳಲ್ಲಿ ಒಂದು ಸಂಜೆ ಕುಡಿದೇಬಿಟ್ಟರು. ಮರುದಿನ ಬೆಳಿಗ್ಗೆ ಫೋನ್ ಮಾಡಿ "ಎಲ್ಲ ಮುಗೀತು ಮೇಡಂ" ಎಂದಾಗ, ಜಾರಿದ್ದು ಒಂದು ಸಂಜೆ, ನಡೆದಿದ್ದು ಏಳು ತಿಂಗಳು ಎಂದೆ. 'ಹೇಗೂ ಸೋತೆ' ಎಂಬ ಹತಾಶೆ ಮೊದಲ ಗ್ಲಾಸಿಗಿಂತ ಕೆಟ್ಟದ್ದು, ಎರಡನೆಯದನ್ನು ತುಂಬುವುದು ಅದೇ. ಅಂದೇ ವೈದ್ಯರಲ್ಲಿಗೆ ಹೋದರು. ಅಂದೂ ಓದು ತಪ್ಪಿಸಲಿಲ್ಲ ಎಂದು ಹೆಂಡತಿ ತಿಳಿಸಿದರು.

ಒಂದೂವರೆ ವರ್ಷದ ನಂತರ, ನನ್ನನ್ನು ಕೇಳಿಯೇ, ಋಗ್ವೇದದ ಅಕ್ಷಸೂಕ್ತವನ್ನು ಕೈಗೆತ್ತಿಕೊಂಡರು. ಹತ್ತನೆಯ ಮಂಡಲದ ಮೂವತ್ತನಾಲ್ಕನೆಯ ಸೂಕ್ತ ಅದು, ಒಬ್ಬ ಜೂಜುಕೋರನ ಅಳಲು. ಇನ್ನು ಆಡುವುದಿಲ್ಲ ಎಂದುಕೊಳ್ಳುತ್ತಾನೆ, ತಾರೆಕಾಯಿಯ ದಾಳಗಳ ಸದ್ದು ಕೇಳಿದರೆ ಎದ್ದು ಹೊರಡುತ್ತಾನೆ. ಆ ದಾಳಗಳಿಗೆ ಕೈಯಿಲ್ಲ, ಆದರೂ ಕೈಯಿರುವವನನ್ನು ಸೋಲಿಸುತ್ತವೆ. ಮುಟ್ಟಿದರೆ ತಣ್ಣಗೆ, ಎದೆಯನ್ನು ಸುಡುತ್ತವೆ. ಈ ಸಾಲುಗಳೇ ಅವರನ್ನು ಹಿಡಿದಿರಬೇಕು ಎಂದುಕೊಂಡೆ.

ಅಲ್ಲ. "ಎರಡನೇ ಮಂತ್ರದಲ್ಲಿ ಅವನ ಹೆಂಡತಿ ಬರ್ತಾಳೆ ಮೇಡಂ. ಅವಳು ನನ್ನ ಬೈದವಳಲ್ಲ, ಸಿಟ್ಟಾದವಳಲ್ಲ, ನನಗೂ ನನ್ನ ಗೆಳೆಯರಿಗೂ ಒಳ್ಳೆಯವಳಾಗಿದ್ದಳು, ಒಂದು ದಾಳಕ್ಕಾಗಿ ಅವಳನ್ನ ದೂರ ಮಾಡಿದೆ ಅಂತಾನೆ. ಮೊದಲಾಗಿದ್ದರೆ ನನಗೆ ದಾಳ ಮಾತ್ರ ಕಾಣ್ತಿತ್ತು."

ಅದನ್ನೂ ಮನೆಯಲ್ಲಿ ಗಟ್ಟಿಯಾಗಿಯೇ ಓದಿದ್ದರಂತೆ. ಆ ಸಾಲಿಗೆ ಬಂದಾಗ ಗಂಟಲು ಕಟ್ಟಿ ನಿಂತಿತು. ಹೆಂಡತಿ ಬಟ್ಟೆ ಮಡಿಸುತ್ತ ಕೂತಿದ್ದರು. ಸ್ವಲ್ಪ ಹೊತ್ತು ಕಾದು, ತಲೆಯೆತ್ತದೆ, "ಯಾಕೆ ನಿಲ್ಲಿಸಿದಿರಿ? ಮುಂದೆ ಓದಿ" ಎಂದರಂತೆ.